ಪಾಠಕ್ಕೂ ಬಸ್ಸಿಗೂ ನಡುವಿನ ಹೊತ್ತು: ಕಾರವಾರ–ಅಂಕೋಲಾ ಸೀಮೆಯಲ್ಲಿ ಗ್ರಂಥಾಲಯ ಮತ್ತು ವಿದ್ಯಾರ್ಥಿಯ ವಿಶ್ರಾಂತಿ

ಗ್ರಂಥಾಲಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಪುಸ್ತಕಗಳ ಸಂಖ್ಯೆ, ವರ್ಗೀಕರಣದ ಪದ್ಧತಿ, ಕಟ್ಟಡದ ಅಳತೆ, ಅನುದಾನದ ಮೊತ್ತ ಇವನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ. ಓದುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತ ವಿದ್ಯಾರ್ಥಿಗೆ ಆ ಚರಿತ್ರೆಯಲ್ಲಿ ಜಾಗ ದೊರೆತದ್ದು ಕಡಿಮೆ. ಗ್ರಂಥಾಲಯದೊಳಗೇ ಸದ್ದಿಲ್ಲದ ವಿಶ್ರಾಂತಿ ತಾಣವೊಂದು ಇರಬೇಕೆಂಬ ಮಾತು, ಅಂದರೆ ಪುಸ್ತಕ ತೆರೆಯಲೇಬೇಕೆಂಬ ಒತ್ತಾಯವಿಲ್ಲದೆ ವಿದ್ಯಾರ್ಥಿ ಕುಳಿತು ದಣಿವಾರಿಸಿಕೊಳ್ಳುವ ಕೊಠಡಿಯೊಂದು ಬೇಕೆಂಬ ಬೇಡಿಕೆ, ಈಚೆಗೆ ದೊಡ್ಡ ನಗರಗಳ ವಿಶ್ವವಿದ್ಯಾಲಯಗಳಿಂದ ಕೇಳಿಬರುತ್ತಿರುವುದರಿಂದ ಅದನ್ನು ಹೊಸ ಕಾಲದ ಷೋಕಿಯೆಂದು ತಳ್ಳಿಹಾಕುವವರೂ ಇದ್ದಾರೆ. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಶೈಕ್ಷಣಿಕ ಚರಿತ್ರೆಯನ್ನು ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಹೊಳೆ, ಗುಡ್ಡ ಮತ್ತು ಕಡಲು ಊರುಗಳನ್ನು ಬೇರೆಬೇರೆಯಾಗಿ ಇರಿಸಿದ ಈ ಸೀಮೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ದೊಡ್ಡ ಪಾಲು ಬೆಳಿಗ್ಗೆ ಹಳ್ಳಿಯಿಂದ ಹೊರಟು ಸಂಜೆ ಮರಳುವವರದು. ಪಾಠ ಮುಗಿಯುವುದಕ್ಕೂ ಊರಿನ ಬಸ್ಸು ಬರುವುದಕ್ಕೂ ನಡುವಿನ ಹೊತ್ತನ್ನು ಅವರು ಕಳೆಯಬೇಕಾದದ್ದು ಎಲ್ಲಿ ಎಂಬ ಪ್ರಶ್ನೆ ಇಲ್ಲಿ ಕಾಲೇಜುಗಳಷ್ಟೇ ಹಳೆಯದು. ವಸತಿನಿಲಯದಲ್ಲಿ ಉಳಿಯುವ ವಿದ್ಯಾರ್ಥಿಯನ್ನೋ ಪರೀಕ್ಷೆಗೆ ಮಾತ್ರ ಹಾಜರಾಗುವ ಅಭ್ಯರ್ಥಿಯನ್ನೋ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಗ್ರಂಥಾಲಯದ ನಕ್ಷೆಯಲ್ಲಿ ಈ ಹೊತ್ತಿಗೆ ಕೊಠಡಿ ಬಿಟ್ಟುಹೋಯಿತು. ಬಿಟ್ಟುಹೋದ ಬಗೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಗ್ರಂಥಸಂಗ್ರಹಕ್ಕೂ ವಿದ್ಯಾರ್ಥಿಯ ವಾಸಕ್ಕೂ ಕನ್ನಡ ನಾಡಿನಲ್ಲಿದ್ದ ಹಳೆಯ ನಂಟನ್ನು ತೋರಿಸುವ ದಾಖಲೆಗಳಲ್ಲಿ ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಮುಖ್ಯವಾದುದು. ಕಲ್ಯಾಣ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನ ಅಲ್ಲಿ ಏರ್ಪಡಿಸಿದ ಘಟಿಕಾಸ್ಥಾನದಲ್ಲಿ, ಅಂದರೆ ಉನ್ನತ ವ್ಯಾಸಂಗದ ಕೇಂದ್ರದಲ್ಲಿ, ವೇದ ಓದುವ 200 ಮಂದಿಗೂ ಶಾಸ್ತ್ರ ಓದುವ 50 ಮಂದಿಗೂ ಏರ್ಪಾಡು ಇತ್ತು. ಪಾಠ ಹೇಳುವವರ ಜೊತೆಗೆ ಗ್ರಂಥಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಆ ಶಾಸನ ಎಣಿಸುತ್ತದೆ. ಇಂಥ ಕೇಂದ್ರದಲ್ಲಿ ಕಲಿಯುವ ಜಾಗ, ಉಣ್ಣುವ ಜಾಗ, ಮಲಗುವ ಜಾಗ ಒಂದೇ ಆವರಣದೊಳಗೆ ಇರುತ್ತಿದ್ದುದರಿಂದ ವಿಶ್ರಾಂತಿಗೆಂದು ಬೇರೆ ಸ್ಥಳವನ್ನು ಯೋಚಿಸುವ ಅಗತ್ಯವೇ ಇರಲಿಲ್ಲ. ಬಿಡುವಿನ ಲೆಕ್ಕವನ್ನು ಆ ಪರಂಪರೆ ಸ್ಥಳದಲ್ಲಿ ಇಡದೆ ಕಾಲದಲ್ಲಿ ಇಟ್ಟಿತ್ತು. ಪಾಡ್ಯ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳಂದು ಮತ್ತು ಅಕಾಲದಲ್ಲಿ ಗುಡುಗು ಮಿಂಚು ಕಾಣಿಸಿಕೊಂಡಾಗ ಪಾಠ ನಿಲ್ಲಿಸಬೇಕೆಂಬ ಕಟ್ಟಳೆಗೆ ಅನಧ್ಯಾಯವೆಂದು ಹೆಸರು. ಧರ್ಮಶಾಸ್ತ್ರ ಗ್ರಂಥಗಳು ಇಂಥ ಸಂದರ್ಭಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತವೆ. ಮುಂಗಾರಿನ ಅಬ್ಬರದಲ್ಲಿ ಜಿಲ್ಲಾಡಳಿತ ಶಾಲೆ ಕಾಲೇಜುಗಳಿಗೆ ರಜೆ ಸಾರುವುದನ್ನು ಪ್ರತಿ ಜೂನ್, ಜುಲೈ ತಿಂಗಳಲ್ಲಿ ಕಾಣುವ ಉತ್ತರ ಕನ್ನಡದವರಿಗೆ ಅನಧ್ಯಾಯದ ಕಲ್ಪನೆ ಅಷ್ಟೇನೂ ಅಪರಿಚಿತವೆನಿಸದು.

ಘಟಿಕಾಸ್ಥಾನದ ಕಾಲ ಮುಗಿದ ಎಷ್ಟೋ ಶತಮಾನಗಳ ನಂತರವೂ ಕರಾವಳಿಯ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದದ್ದು ಐಗಳ ಶಾಲೆ, ಅಂದರೆ ಊರವರು ಕೊಡುವ ಕಾಳುಕಡಿಯ ಮೇಲೆ ಬದುಕುವ ಒಬ್ಬ ಉಪಾಧ್ಯಾಯ ಯಾರದೋ ಮನೆಯ ಜಗಲಿಯಲ್ಲೋ ದೇವಸ್ಥಾನದ ಹೊರಾಂಗಣದಲ್ಲೋ ನಡೆಸುವ ಕಲಿಕೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿಯನ್ನು ಒಟ್ಟಾಗಿ ಕೂಗಿ ಕಲಿಯುವ ಆ ಶಾಲೆಯಲ್ಲಿ ಮೌನಕ್ಕೆ ಬೆಲೆ ಇರಲಿಲ್ಲ. ದೊಡ್ಡವರ ಓದು ಕೂಡ ಸದ್ದಿನದೇ ಆಗಿತ್ತು. ಮಳೆಗಾಲದ ಸಂಜೆಗಳಲ್ಲಿ ಜೈಮಿನಿ ಭಾರತವನ್ನೋ ತೊರವೆ ರಾಮಾಯಣವನ್ನೋ ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವಾಗ ಕೇಳುಗರು ಗೋಡೆಗೆ ಒರಗಿ ಕುಳಿತು, ನಡುನಡುವೆ ಕಣ್ಣು ಮುಚ್ಚಿದರೂ ಅದು ಅಪಚಾರವೆನಿಸುತ್ತಿರಲಿಲ್ಲ. ಓದಿನ ಜಾಗದಲ್ಲಿ ತೂಕಡಿಸಬಾರದೆಂಬ ಕಟ್ಟುನಿಟ್ಟು ಆಧುನಿಕ ಗ್ರಂಥಾಲಯದೊಂದಿಗೆ ಹೊರಗಿನಿಂದ ಬಂದದ್ದೆಂಬುದನ್ನು ಇಲ್ಲಿ ಗಮನಿಸಬೇಕು. ದಾರಿಹೋಕರಿಗೆ ಅಶ್ವತ್ಥಕಟ್ಟೆ, ಯಾತ್ರಿಕರಿಗೆ ದೇವಸ್ಥಾನದ ಚಂದ್ರಶಾಲೆ, ಅಂದರೆ ಮುಂಭಾಗದ ತೆರೆದ ಕಂಬಸಾಲಿನ ಮಂಟಪ, ಪರವೂರಿನಿಂದ ಓದಲು ಬಂದ ಬಡ ಹುಡುಗರಿಗೆ ವಾರಾನ್ನದ ಮನೆಯ ಜಗಲಿ: ಹೀಗೆ ದಣಿದವರಿಗೆ ಒರಗುವ ಜಾಗವನ್ನು ಊರೇ ಒದಗಿಸಿತ್ತು. ವಾರಾನ್ನವೆಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ವಿದ್ಯಾರ್ಥಿ ಊಟ ಮಾಡುವ ಏರ್ಪಾಡು. ಈ ಆತಿಥ್ಯ ಎಲ್ಲರಿಗೂ ಒಂದೇ ಬಗೆಯಲ್ಲಿ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಜಗಲಿ ಯಾರಿಗೆ, ಅಂಗಳ ಯಾರಿಗೆ, ಹೊರಗೇ ನಿಲ್ಲಬೇಕಾದವರು ಯಾರು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು, ಮತ್ತು ಹೆಣ್ಣುಮಕ್ಕಳಿಗೆ ಈ ಯಾವ ಜಾಗವೂ ಓದಿನ ನೆಪದಲ್ಲಿ ತೆರೆದಿರಲಿಲ್ಲ. ಹಾಲಕ್ಕಿ ಒಕ್ಕಲಿಗರು, ಹರಿಕಂತ್ರರು, ಆಗೇರರು ಮೊದಲಾದ ಸಮುದಾಯಗಳ ಮಕ್ಕಳಿಗೆ ಸಾರ್ವಜನಿಕ ಕಟ್ಟಡವೊಂದರ ಬೆಂಚು ತಮ್ಮದೂ ಆದೀತೆಂಬ ಭರವಸೆ ಬಂದದ್ದು ಬಹಳ ತಡವಾಗಿ.

1862ರಲ್ಲಿ ಉತ್ತರ ಕೆನರಾ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲೆಯ ಆಡಳಿತ ಕೇಂದ್ರವಾಗಿ ಬೆಳೆದ ಮೇಲೆ ಇಲ್ಲಿಯ ವಿದ್ಯಾಭ್ಯಾಸ ಮುಂಬಯಿಯತ್ತ ಮುಖ ಮಾಡಿತು. ಆ ಹೊತ್ತಿಗೆ ಐದು ವರ್ಷ ಮೊದಲು, 1857ರಲ್ಲಿ, ಸ್ಥಾಪನೆಯಾಗಿದ್ದ ಮುಂಬಯಿ ವಿಶ್ವವಿದ್ಯಾಲಯ ಲಂಡನ್ ವಿಶ್ವವಿದ್ಯಾಲಯದ ಮಾದರಿಯದು; ಅದು ತಾನಾಗಿ ಪಾಠ ಹೇಳುತ್ತಿರಲಿಲ್ಲ, ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳುತ್ತಿರಲಿಲ್ಲ, ಕಾಲೇಜುಗಳು ಕಳಿಸಿದವರನ್ನು ಪರೀಕ್ಷಿಸಿ ಪದವಿ ಕೊಡುತ್ತಿತ್ತು. ಪ್ರೇಮಚಂದ್ ರಾಯ್‌ಚಂದ್ ಎಂಬ ವರ್ತಕನ ದಾನದಿಂದ ಆ ವಿಶ್ವವಿದ್ಯಾಲಯದ ಗ್ರಂಥಾಲಯವೂ ಅದರ ಮೇಲಿನ ರಾಜಾಬಾಯಿ ಗಡಿಯಾರ ಗೋಪುರವೂ 1878ರ ಹೊತ್ತಿಗೆ ಎದ್ದು ನಿಂತವಾದರೂ ಕಾರವಾರದ ಹುಡುಗನಿಗೆ ಅದು ಆಗಬೋಟಿನ ದಾರಿಯಷ್ಟು ದೂರದ ಸಂಗತಿಯಾಗಿತ್ತು. ಪರೀಕ್ಷೆಯೇ ಕೇಂದ್ರವಾದ ಈ ವ್ಯವಸ್ಥೆಯಲ್ಲಿ ಗ್ರಂಥಾಲಯವೆಂದರೆ ಪರೀಕ್ಷೆಯ ಸಾಧನ, ಅಲ್ಲಿ ಕುಳಿತವನು ತಲೆ ತಗ್ಗಿಸಿ ಓದುತ್ತಿರಬೇಕು ಎಂಬ ತಿಳಿವಳಿಕೆ ಬೇರೂರಿದ್ದು ಸಹಜ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಪ್ರಾಂತದ ಜಿಲ್ಲಾ ಕೇಂದ್ರಗಳಲ್ಲಿ ತಲೆಯೆತ್ತಿದ ಚಂದಾ ಗ್ರಂಥಾಲಯಗಳು, ಅಂದರೆ ತಿಂಗಳಿಗೆ ಇಷ್ಟೆಂದು ಹಣ ಕೊಟ್ಟವರಿಗೆ ಮಾತ್ರ ಪುಸ್ತಕ ಕೊಡುವ ಸಂಸ್ಥೆಗಳು, ವಕೀಲರು, ಕಚೇರಿಯ ಗುಮಾಸ್ತರು ಮತ್ತು ಶಿಕ್ಷಕರ ಕೂಟಗಳಾಗಿದ್ದವು. ಆರಾಮ ಕುರ್ಚಿ, ಪತ್ರಿಕೆ ಇಡುವ ಇಳಿಜಾರು ಮೇಜು, ಸಂಜೆಯ ಹರಟೆ ಇವೆಲ್ಲ ಅಲ್ಲಿಗೆ ಸಂದವು. ವಿದ್ಯಾರ್ಥಿಗೆ ಆ ಕುರ್ಚಿ ಸಿಗುವುದು ಅಪರೂಪ.

ಇದೇ ಕಾಲದಲ್ಲಿ ಕಾರವಾರಕ್ಕೆ ಬಂದ ಒಬ್ಬ ತರುಣನ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಭಾರತೀಯ ಸಿವಿಲ್ ಸರ್ವಿಸಿನ ಮೊದಲ ಭಾರತೀಯ ಅಧಿಕಾರಿ ಸತ್ಯೇಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅವರ ತಮ್ಮ ರವೀಂದ್ರನಾಥರು ಸುಮಾರು 22ರ ಹರೆಯದಲ್ಲಿ ಇಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ನಾಲ್ಕು ಗೋಡೆಯ ಶಾಲೆಯನ್ನು ಸಹಿಸಲಾರದೆ ಬಿಟ್ಟಿದ್ದ ಅವರು ಅರ್ಧಚಂದ್ರಾಕಾರದ ಕಡಲ ದಂಡೆಯಲ್ಲಿ ಅಲೆದು, ಕಾಳೀ ನದಿಯಲ್ಲಿ ದೋಣಿಯಲ್ಲಿ ತಿರುಗಿ, ಆ ಬಿಡುವಿನ ದಿನಗಳಲ್ಲಿಯೇ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ತಮ್ಮ ನೆನಪುಗಳ ಪುಸ್ತಕದಲ್ಲಿ ಅವರು ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಊರು ಇಂದಿಗೂ ಆ ದಂಡೆಯನ್ನು ಅವರ ಹೆಸರಿನಿಂದ ಕರೆಯುತ್ತದೆ. ಕೆಲಸವಿಲ್ಲದೆ ಕುಳಿತ ತರುಣರನ್ನು ಗದರಿಸುವ ಮೊದಲು ಊರಿನ ಹಿರಿಯರು ಈ ಹೆಸರನ್ನು ಒಮ್ಮೆ ನೆನೆಸಿಕೊಂಡರೆ ತಪ್ಪಾಗಲಾರದು.

ಪದವಿ ಶಿಕ್ಷಣ ಜಿಲ್ಲೆಯೊಳಗೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದ ಮೇಲೆ ಅನುಕೂಲಸ್ಥರ ಮಕ್ಕಳು ಮುಂಬಯಿ, ಪುಣೆಗಳ ಬದಲು ಘಟ್ಟ ಹತ್ತಿ ಅಲ್ಲಿಗೆ ಹೋಗತೊಡಗಿದರು. ಜಿಲ್ಲೆಯ ಮೊದಲ ಕಾಲೇಜು ಕುಮಟಾದಲ್ಲಿ 1949ರಲ್ಲಿ ಆರಂಭವಾಯಿತು. ಅದೇ ವರ್ಷ ಕಾಯ್ದೆಯ ಮೂಲಕ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡದಲ್ಲಿ ನೆಲೆಯೂರಿತು. ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯ ಧಾರವಾಡದ ಗುಡ್ಡದ ಮೇಲೆ, ಅದರ ವಿದ್ಯಾರ್ಥಿಗಳಲ್ಲಿ ಒಂದು ಪಾಲು ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಕಡಲತಡಿಯಲ್ಲಿ. ಹೀಗಾಗಿ ಕಾರವಾರ, ಅಂಕೋಲಾಗಳ ಮಟ್ಟಿಗೆ ವಿಶ್ವವಿದ್ಯಾಲಯ ಗ್ರಂಥಾಲಯವೆಂದರೆ ಕಾಲೇಜಿನ ಒಂದು ಹಾಲ್, ಕೆಲವು ಗಾಜಿನ ಕಪಾಟು, ಒಬ್ಬ ಗ್ರಂಥಪಾಲಕ. ಮುಂದೆ ಕಾಳೀ ನದಿ ಕಡಲು ಸೇರುವ ಕೋಡಿಬಾಗದಲ್ಲಿ ಅದೇ ವಿಶ್ವವಿದ್ಯಾಲಯ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ಕೇಂದ್ರವನ್ನು ತೆರೆದಾಗ ಮಾತ್ರ ಧಾರವಾಡದ ಒಂದು ತುಣುಕು ನೇರವಾಗಿ ಕರಾವಳಿಗೆ ಇಳಿದಂತಾಯಿತು. ಉಬ್ಬರ ಇಳಿತದ ನಡುವಿನ ತೀರಪಟ್ಟಿಯ ಜೀವಿಗಳನ್ನು ನೀರು ಇಳಿದಾಗಲೇ ಸಂಗ್ರಹಿಸಬೇಕಾದ ಆ ಶಾಸ್ತ್ರದಲ್ಲಿ ಕೆಲಸದ ಮತ್ತು ಬಿಡುವಿನ ವೇಳೆಯನ್ನು ಗಡಿಯಾರದ ಬದಲು ಕಡಲೇ ಗೊತ್ತುಮಾಡುತ್ತದೆ.

ಈ ಚರಿತ್ರೆಯಲ್ಲಿ 1966ಕ್ಕೆ ವಿಶೇಷ ಸ್ಥಾನವಿದೆ. ಗೋಪಾಲಕೃಷ್ಣ ಗೋಖಲೆಯವರು ಹುಟ್ಟಿ ನೂರು ವರ್ಷ ತುಂಬಿದ ಆ ವರ್ಷ ಅಂಕೋಲೆಯಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆಯಿತು. ಟ್ರಸ್ಟನ್ನು 1953ರಲ್ಲಿ ಕಟ್ಟಿದ ದಿನಕರ ದೇಸಾಯಿಯವರು (1909–1982) ಗೋಖಲೆಯವರೇ 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರು, ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟಕರು, ಜಿಲ್ಲೆಯ ಗೇಣಿ ರೈತರ ಹೋರಾಟಕ್ಕಾಗಿ ಬ್ರಿಟಿಷ್ ಆಡಳಿತದಿಂದ ಜಿಲ್ಲೆಯ ಹೊರಗೆ ಗಡಿಪಾರಾದವರು, ನಾಲ್ಕು ಸಾಲಿನ ಚುಟುಕಗಳ ಮೂಲಕ ಕನ್ನಡದ ಮನೆಮನೆಗೂ ಪರಿಚಿತರಾದವರು. ಅಂಕೋಲಾ ತಾಲೂಕಿನ ಅಲಗೇರಿಯವರಾದ ಅವರಿಗೆ ತಾವು ಯಾರಿಗಾಗಿ ಕಾಲೇಜು ತೆರೆಯುತ್ತಿದ್ದೇವೆಂಬುದರ ಬಗ್ಗೆ ಗೊಂದಲವಿರಲಿಲ್ಲ: ಧಾರವಾಡದಲ್ಲಿ ಕೋಣೆ ಹಿಡಿದು ಓದುವಷ್ಟು ಹಣವಿಲ್ಲದ ಗೇಣಿದಾರರ, ಮೀನುಗಾರರ, ಕೂಲಿಯವರ ಮಕ್ಕಳಿಗಾಗಿ. ಕಾಲೇಜು ಮನೆಯ ಹತ್ತಿರಕ್ಕೆ ಬಂದದ್ದರಿಂದಲೇ ಅವರು ಕಾಲೇಜು ಕಂಡರು. ಆದರೆ ಹಾಸ್ಟೆಲ್ಲಿನ ಖರ್ಚು ಉಳಿಸಿಕೊಂಡ ಈ ವಿದ್ಯಾರ್ಥಿಗಳಿಗೆ ಪಾಠಗಳ ನಡುವೆ ಹೋಗಿ ಕೂರಲು ತಮ್ಮದೆನ್ನುವ ಕೋಣೆಯೂ ಇಲ್ಲವಾಯಿತು.

ಕೊಠಾರಿ ಆಯೋಗವೆಂದು ಹೆಸರಾದ ಶಿಕ್ಷಣ ಆಯೋಗ ತನ್ನ ವರದಿಯನ್ನು ಸಲ್ಲಿಸಿದ್ದೂ 1966ರ ಜೂನಿನಲ್ಲಿಯೇ. ಉನ್ನತ ಶಿಕ್ಷಣದ ಕುರಿತ ಭಾಗದಲ್ಲಿ ಆಯೋಗ ಮಾಡಿದ ಒಂದು ಶಿಫಾರಸು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಹಾಸ್ಟೆಲಿನಲ್ಲಿ ಇಲ್ಲದ ವಿದ್ಯಾರ್ಥಿಗಳಲ್ಲಿ ಸುಮಾರು ಶೇಕಡ 25 ಮಂದಿಗೆ ಹಗಲು ಅಧ್ಯಯನ ಕೇಂದ್ರಗಳನ್ನು, ಅಂದರೆ ದಿನವಿಡೀ ಕುಳಿತು ಓದಲು, ಕಡಿಮೆ ದರದ ಉಪಾಹಾರ ಪಡೆಯಲು ಅನುಕೂಲವಿರುವ ಸ್ಥಳಗಳನ್ನು, ಒದಗಿಸಬೇಕು. ಮನೆಯಲ್ಲಿ ಓದಲು ಮೂಲೆಯಿಲ್ಲದ ವಿದ್ಯಾರ್ಥಿಯನ್ನು ಒಂದು ರಾಷ್ಟ್ರೀಯ ದಾಖಲೆ ಇಷ್ಟು ಸ್ಪಷ್ಟವಾಗಿ ಕಂಡದ್ದು ವಿರಳ. ಆಯೋಗದ ಇತರ ಮಾತುಗಳು, ಶಾಲಾ ವರ್ಷಗಳ ವಿಂಗಡಣೆ, ರಾಷ್ಟ್ರೀಯ ಆದಾಯದ ಶೇಕಡ 6ರ ಗುರಿ, ಇಂದಿಗೂ ಚರ್ಚೆಯಲ್ಲಿವೆ. ಹಗಲು ಅಧ್ಯಯನ ಕೇಂದ್ರದ ಮಾತನ್ನು ಎತ್ತುವವರು ಕಾಣಸಿಗುವುದಿಲ್ಲ. ಅದೇ 1966ರ ನವೆಂಬರ್ 1ರಿಂದ ಮೈಸೂರು ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಜಾರಿಗೆ ಬಂದು, ಸ್ಥಳೀಯ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸುವ ವ್ಯವಸ್ಥೆಯೂ, ಜಿಲ್ಲಾ ಕೇಂದ್ರಗಳಲ್ಲಿ ಕೇಂದ್ರ ಗ್ರಂಥಾಲಯಗಳೂ ರೂಪುಗೊಂಡವು. ಚಂದಾ ಇಲ್ಲದೆ ಯಾರು ಬೇಕಾದರೂ ಒಳಬಂದು ಪತ್ರಿಕೆ ಓದಬಹುದಾದ ವಾಚನಾಲಯ ಕಾರವಾರದಂಥ ಊರಿಗೆ ದೊರೆತದ್ದು ದೊಡ್ಡ ಬದಲಾವಣೆಯೇ ಸರಿ. ಕಾಲೇಜಿನ ಬಾಗಿಲು ಹಾಕಿದ ಮೇಲೆ ಎಷ್ಟೋ ವಿದ್ಯಾರ್ಥಿಗಳಿಗೆ ಅದು ಆಸರೆಯಾಯಿತು. ಆದರೆ ಉಗುಳಬಾರದು, ಬೀಡಿ ಸೇದಬಾರದು, ಗದ್ದಲ ಮಾಡಬಾರದು ಎಂಬವುಗಳ ಸಾಲಿನಲ್ಲಿ ಮಲಗಬಾರದು ಎಂಬುದನ್ನೂ ಸೇರಿಸಿದ ಫಲಕ ಇಂಥ ವಾಚನಾಲಯಗಳ ಗೋಡೆಗಳ ಸಾಮಾನ್ಯ ನೋಟವಾಗಿತ್ತು.

ಈ ಕಟ್ಟುನಿಟ್ಟಿನ ಹಿಂದೆ ಕೇವಲ ಗ್ರಂಥಪಾಲಕರ ಸ್ವಭಾವವನ್ನು ಹುಡುಕುವುದು ಸರಿಯಲ್ಲ. ಅಳತೆಯ ಕಾರಣವೂ ಇತ್ತು. ಭಾರತೀಯ ಗ್ರಂಥಾಲಯ ವಿಜ್ಞಾನದ ಪ್ರವರ್ತಕ ಎಸ್.ಆರ್. ರಂಗನಾಥನ್ ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ 1957ರಲ್ಲಿ ನೇಮಿಸಿದ ಸಮಿತಿ ಪ್ರತಿ ವಿದ್ಯಾರ್ಥಿಗೆ 15 ರೂಪಾಯಿ, ಪ್ರತಿ ಅಧ್ಯಾಪಕನಿಗೆ 200 ರೂಪಾಯಿಯಂತೆ ಪುಸ್ತಕಗಳಿಗೆ ಹಣ ಒದಗಿಸಬೇಕೆಂದು ಹೇಳಿತು. ಗ್ರಂಥಾಲಯ ಕಟ್ಟಡಗಳ ಭಾರತೀಯ ಮಾನಕ ಓದುಗನೊಬ್ಬನಿಗೆ ವಾಚನ ಮಂದಿರದಲ್ಲಿ 2.33 ಚದರ ಮೀಟರ್ ಸ್ಥಳವನ್ನು ಗೊತ್ತುಪಡಿಸಿತು. ಅದು ಒಂದು ಮೇಜಿನ ಭಾಗ, ಒಂದು ನೆಟ್ಟಗಿನ ಕುರ್ಚಿ ಮತ್ತು ಹಿಂದೆ ಓಡಾಡುವ ದಾರಿ ಇಷ್ಟಕ್ಕೆ ಸಾಲುವ ಅಳತೆ. ಓದುಗನ ಸಮಯ ಉಳಿಸಬೇಕೆಂಬುದನ್ನು ತಮ್ಮ ಐದು ಸೂತ್ರಗಳಲ್ಲಿ ಒಂದನ್ನಾಗಿ 1931ರಲ್ಲಿಯೇ ಸಾರಿದ್ದ ರಂಗನಾಥನ್ ಅವರ ಕಾಳಜಿ ಪ್ರಾಮಾಣಿಕವಾದದ್ದು: ಪುಸ್ತಕ ಕಡಿಮೆ, ಕುರ್ಚಿ ಕಡಿಮೆ, ಕಾಯುವವರು ಹೆಚ್ಚು ಇರುವ ದೇಶದಲ್ಲಿ ಓದದೆ ಕುಳಿತವನು ಓದಲಿರುವ ಇನ್ನೊಬ್ಬನ ಜಾಗವನ್ನು ಆಕ್ರಮಿಸಿದಂತೆಯೇ. ಕೊರತೆಯಿಂದ ಹುಟ್ಟಿದ ಈ ನಿಯಮ ಕಾಲಕ್ರಮದಲ್ಲಿ ನೀತಿಯಾಗಿ ಮಾರ್ಪಟ್ಟು, ಕುರ್ಚಿಗಳು ಖಾಲಿ ಇರುವಾಗಲೂ ಉಳಿದುಕೊಂಡಿತು.

ಹಣದ ಕೊರತೆಯಿಲ್ಲದ ಕಡೆ ಇದೇ ಪ್ರಶ್ನೆ ಬೇರೆ ದಾರಿ ಹಿಡಿಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವೈಡ್ನರ್ ಗ್ರಂಥಾಲಯದಲ್ಲಿ 1916ರಲ್ಲಿಯೇ, ಹಿಂದಿನ ವರ್ಷ ಫ್ರಾನ್ಸಿನ ರಣರಂಗದಲ್ಲಿ ಮಡಿದ ಹಳೆಯ ವಿದ್ಯಾರ್ಥಿ ಹೆನ್ರಿ ಫಾರ್ನ್ಸ್‌ವರ್ತ್ ಹೆಸರಿನಲ್ಲಿ ಅವನ ಕುಟುಂಬದವರು ಒಂದು ಕೊಠಡಿಯನ್ನು ಮಾಡಿಸಿಕೊಟ್ಟರು. ಮೆತ್ತನೆಯ ಆಸನಗಳಲ್ಲಿ ಕುಳಿತು ಖುಷಿಗಾಗಿ ಓದಬಹುದಾದ ಅಲ್ಲಿ ಪಠ್ಯದ ಓದಿಗೆ ಅವಕಾಶವಿರಲಿಲ್ಲ. ಸುಮಾರು ನೂರು ವರ್ಷದ ನಂತರ, 2014ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಗ್ರಂಥಾಲಯವೊಂದು ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ಮಲಗಲೆಂದು ಮಂಚಗಳನ್ನೇ ಹಾಕಿಸಿತು. ಈ ಎರಡರಲ್ಲಿಯೂ ಫಲಾನುಭವಿ ಆವರಣದಲ್ಲಿಯೇ ವಾಸಿಸುವ, ರಾತ್ರಿಯಿಡೀ ಓದುವ ವಿದ್ಯಾರ್ಥಿ. ನಲವತ್ತು ಕಿಲೋಮೀಟರು ದೂರದ ಊರಿನ ಕೊನೆಯ ಬಸ್ಸಿಗೆ ಕಾಯುವವನ ಪಾಡು ಬೇರೆ.

ಕಾರವಾರ, ಅಂಕೋಲಾಗಳ ಕಾಲೇಜುಗಳಲ್ಲಿ ವಿಶ್ರಾಂತಿಗೆಂದು ಹೆಸರಿಟ್ಟು ಮೀಸಲಾದ ಜಾಗವೊಂದು ರೂಪುಗೊಂಡದ್ದು ಗ್ರಂಥಾಲಯದ ಹೊರಗೆ, ಹುಡುಗಿಯರ ಸಲುವಾಗಿ. ರಾಜ್ಯದ ಬೇರೆಡೆಗಳಲ್ಲಿರುವಂತೆ ಇಲ್ಲಿಯೂ ಲೇಡೀಸ್ ರೂಮ್ ಎಂದೇ ರೂಢಿಯಾದ ಈ ಕೊಠಡಿಯ ಚರಿತ್ರೆಯನ್ನು ಯಾರೂ ಬರೆಯದಿರುವುದು ಕನ್ನಡದ ಶಿಕ್ಷಣ ಚರಿತ್ರೆಕಾರರ ಒಂದು ಲೋಪ. ಸಹಶಿಕ್ಷಣದ ಕಾಲೇಜಿಗೆ ಮಗಳನ್ನು ಕಳಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೆ ಆ ಕೊಠಡಿ ಒಂದು ಆಶ್ವಾಸನೆಯಾಗಿತ್ತು. ಪಾಠ ಮುಗಿದೊಡನೆ ಹುಡುಗಿಯರು ವರಾಂಡದಲ್ಲಿ ನಿಲ್ಲದೆ ಅಲ್ಲಿಗೆ ಹೋಗಬೇಕೆಂಬ ನಿರೀಕ್ಷೆಯ ಹಿಂದೆ ಕಾವಲಿನ ಉದ್ದೇಶವೇ ಪ್ರಧಾನವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಒಳಹೊಕ್ಕವರು ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ನಸುಕಿನಲ್ಲೇ ಎದ್ದು ಮನೆಗೆಲಸ ಮುಗಿಸಿ ಬಂದವರು ಬುತ್ತಿ ಬಿಚ್ಚಿ ಉಣ್ಣುವುದು, ಮುಟ್ಟಿನ ದಿನಗಳಲ್ಲಿ ಬೆಂಚಿನ ಮೇಲೆ ಒರಗುವುದು, ಮಳೆಯಲ್ಲಿ ತೊಯ್ದ ಸೀರೆಯ ಸೆರಗನ್ನೋ ದಾವಣಿಯನ್ನೋ ಒಣಗಿಸಿಕೊಳ್ಳುವುದು, ಪರಸ್ಪರರ ನೋಟ್ಸ್ ನಕಲು ಮಾಡಿಕೊಳ್ಳುವುದು, ಗ್ರಂಥಾಲಯದಿಂದ ತಂದ ಕಾದಂಬರಿಯನ್ನು ಒಬ್ಬರು ಓದಿ ಉಳಿದವರು ಕೇಳುವುದು ಇವೆಲ್ಲ ನಡೆಯುತ್ತಿದ್ದ ಈ ಕೊಠಡಿ, ಹಗಲು ಅಧ್ಯಯನ ಕೇಂದ್ರವೆಂದು ಕೊಠಾರಿ ಆಯೋಗ ಕರೆದದ್ದಕ್ಕೆ ಈ ಸೀಮೆಯಲ್ಲಿ ದೊರೆತ ಅತ್ಯಂತ ಹತ್ತಿರದ ರೂಪ. ಅದರ ಕೊರತೆಯೂ ಸ್ಪಷ್ಟ: ಅದು ಗ್ರಂಥಾಲಯದಿಂದ ದೂರ, ಎಷ್ಟೋ ವೇಳೆ ಇಕ್ಕಟ್ಟು, ಮತ್ತು ಸದ್ದಿಲ್ಲದ ತಾಣವಂತೂ ಅಲ್ಲ. ಹುಡುಗರಿಗೆ ಅಷ್ಟೂ ಇರಲಿಲ್ಲ; ಬಸ್ ನಿಲ್ದಾಣ, ಚಹಾದಂಗಡಿಯ ಬೆಂಚು, ಕಾರವಾರದಲ್ಲಾದರೆ ಕಡಲ ದಂಡೆ ಅವರ ಪಾಲಿಗೆ ಬಂದವು.

ಕಾಯುವ ಹೊತ್ತಿನ ಉದ್ದವನ್ನು ನಿರ್ಧರಿಸಿದ್ದು ನೆಲದ ರಚನೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಈ ಕರಾವಳಿಯಲ್ಲಿ ಶೈಕ್ಷಣಿಕ ವರ್ಷದ ಮೊದಲ ಭಾಗವೆಲ್ಲ ಮಳೆಯದೇ ಆಳ್ವಿಕೆ. 1980ರ ದಶಕದ ಆರಂಭದಲ್ಲಿ ಕಾಳೀ ನದಿಗೆ ಕೋಡಿಬಾಗದ ಬಳಿ ಹೆದ್ದಾರಿ ಸೇತುವೆಯಾಗುವವರೆಗೆ ಸದಾಶಿವಗಡದ ಕಡೆಯ ವಿದ್ಯಾರ್ಥಿ ಕಾರವಾರಕ್ಕೆ ಬರಲು ತಾರಿಯನ್ನು, ಅಂದರೆ ಜನರನ್ನು ಹೊಳೆ ದಾಟಿಸುವ ದೋಣಿಯ ಕಡವನ್ನು, ನೆಚ್ಚಬೇಕಿತ್ತು. ಹೊಳೆ ತುಂಬಿ ಹರಿಯುವಾಗ ದೋಣಿ ಬಿಡುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಗಂಗಾವಳಿಯ ದಡದ ಹಳ್ಳಿಗಳಿಂದ ಅಂಕೋಲೆಗೆ ಬರುವವರ ಕಥೆಯೂ ಇದೇ. ಸೇತುವೆ, ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ಮತ್ತು 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗ ಓಡಾಟವನ್ನು ಸುಲಭ ಮಾಡಿದವು. ಆದರೆ ಸುಲಭವಾದಂತೆ ಇನ್ನೂ ದೂರದ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರತೊಡಗಿದರು, ಹೀಗಾಗಿ ಕಾಯುವವರ ಸಂಖ್ಯೆ ಇಳಿಯಲಿಲ್ಲ. ಕಾರವಾರಕ್ಕೂ ಅಂಕೋಲೆಗೂ ನಡುವಿನ ತೀರದಲ್ಲಿ 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಸಾವಿರಾರು ಕುಟುಂಬಗಳು ಊರು ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಸ್ಥಳಾಂತರಗೊಂಡವು. ಜಗಲಿ, ಅಂಗಳ, ತೆಂಗಿನ ತೋಟವಿದ್ದ ಮನೆಯ ಮಗನಿಗೆ ಅಲ್ಲಿ ಪುಸ್ತಕ ಹರವಿಕೊಂಡು ಕೂರುವ ಮೂಲೆ ಕಿರಿದಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದದ್ದು ಹುಡುಗಿಯರ ಓಡಾಟದ ಖರ್ಚನ್ನು ಇಲ್ಲವಾಗಿಸಿತು. ಬಸ್ಸು ಬರುವ ವೇಳೆಯನ್ನು ಅದು ಬದಲಿಸಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರ ಪ್ರಾಣ ಹೋಗಿ ಹೆದ್ದಾರಿ ಮುಚ್ಚಿದಾಗ, ಮತ್ತೆ ಆಗಸ್ಟ್ 7ರ ನಸುಕಿನಲ್ಲಿ ಕಾಳೀ ನದಿಯ ಹಳೆಯ ಸೇತುವೆ ಮುರಿದು ಬಿದ್ದಾಗ, ಈ ಸೀಮೆಯ ದಿನನಿತ್ಯದ ಓಡಾಟ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ಕಂಡಿತು.

ಮಳೆಗೆ ಗ್ರಂಥಾಲಯವೂ ಹೆದರುತ್ತದೆ. ತೇವದಿಂದ ಬೂಷ್ಟು, ಬೂಷ್ಟಿನ ಹಿಂದೆ ಹುಳ. ಆದ್ದರಿಂದ ಕರಾವಳಿಯ ಗ್ರಂಥಪಾಲಕರು ಪುಸ್ತಕಗಳನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವುದನ್ನೂ ಕಿಟಕಿ ಮುಚ್ಚುವುದನ್ನೂ ರೂಢಿಸಿಕೊಂಡರು. ತೊಯ್ದ ಕೊಡೆ, ಒದ್ದೆ ಬಟ್ಟೆ ಹೊತ್ತು ಬಂದವನು ಪುಸ್ತಕಕ್ಕೆ ಅಪಾಯಕಾರಿಯೆಂಬ ಭಾವನೆಯಲ್ಲಿ ಸತ್ಯಾಂಶವಿದೆ. ಹಾಗೆಂದೇ ಪುಸ್ತಕವಿಲ್ಲದ ಬೇರೆ ಕೊಠಡಿ ಗ್ರಂಥಾಲಯಕ್ಕೆ ಹೊಂದಿಕೊಂಡಿರಬೇಕಾದದ್ದು ಬಯಲುಸೀಮೆಗಿಂತ ಇಲ್ಲಿ ಹೆಚ್ಚು ಅಗತ್ಯ.

ಈಚಿನ ಎರಡು ದಶಕಗಳಲ್ಲಿ ಗ್ರಂಥಾಲಯದ ಒಳಗೇ ಸ್ಥಿತಿ ಬದಲಾಗಿದೆ. 2010ರಿಂದ ಎನ್-ಲಿಸ್ಟ್ ಎಂಬ ರಾಷ್ಟ್ರೀಯ ಯೋಜನೆ ಅನುದಾನಿತ ಕಾಲೇಜುಗಳಿಗೂ ವಿದ್ಯುನ್ಮಾನ ಪುಸ್ತಕ, ನಿಯತಕಾಲಿಕಗಳನ್ನು ತಲುಪಿಸತೊಡಗಿದ್ದರಿಂದ, ಧಾರವಾಡಕ್ಕೆ ಹೋದರೆ ಮಾತ್ರ ಸಿಗುತ್ತಿದ್ದ ಸಾಮಗ್ರಿ ಅಂಕೋಲೆಯಲ್ಲಿಯೂ ಸಿಗುವಂತಾಯಿತು. ಪುಸ್ತಕಕ್ಕಾಗಿ ಬರುವವರು ಕಡಿಮೆಯಾಗಿ ಜಾಗಕ್ಕಾಗಿ ಬರುವವರು ಹೆಚ್ಚಾದರು. ಸಾರ್ವಜನಿಕ ವಾಚನಾಲಯಗಳ ಕುರ್ಚಿಗಳನ್ನು ಈಗ ಬೆಳಗಿನಿಂದ ಸಂಜೆಯವರೆಗೆ ತುಂಬುವವರು ಸ್ವಂತ ಗೈಡುಗಳನ್ನು ಹೊತ್ತು ತರುವ ಸ್ಪರ್ಧಾತ್ಮಕ ಪರೀಕ್ಷಾರ್ಥಿಗಳು. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ನೆಲೆಸಿರುವ ನ್ಯಾಕ್, ಅಂದರೆ ಕಾಲೇಜುಗಳ ಗುಣಮಟ್ಟವನ್ನು ಅಳೆದು ಶ್ರೇಣಿ ಕೊಡುವ ರಾಷ್ಟ್ರೀಯ ಮಂಡಳಿ, ತನ್ನ ಪ್ರಶ್ನಾವಳಿಯಲ್ಲಿ ಲಿಂಗ ಸಮಾನತೆಯ ಅಂಶವಾಗಿ ಸಾಮಾನ್ಯ ಕೊಠಡಿಯ ಬಗ್ಗೆ ಕೇಳುತ್ತದೆ. ಲೇಡೀಸ್ ರೂಮಿಗೆ ಹೀಗೆ ಒಂದು ಅಧಿಕೃತ ಮನ್ನಣೆ ದೊರೆತಿದೆ. ಆದರೆ ಕೊಠಡಿ ಇದೆಯೇ ಎಂಬ ಪ್ರಶ್ನೆಗೆ ಇದೆ ಎಂದು ಉತ್ತರಿಸಿ, ಒಂದು ಛಾಯಾಚಿತ್ರ ಲಗತ್ತಿಸಿದರೆ ಕೆಲಸ ಮುಗಿಯುತ್ತದೆ. ಅದು ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಹೋಲಿಸಿ ನೋಡುವ ಕೋಷ್ಟಕ ಅಲ್ಲಿಲ್ಲ.

ಆದ್ದರಿಂದ ಈ ಸೀಮೆಯಲ್ಲಿ ಇನ್ನು ಮುಂದೆ ಗ್ರಂಥಾಲಯದ ನಕ್ಷೆ ಸಿದ್ಧಪಡಿಸುವವರು ಪುಸ್ತಕಗಳ ಪಟ್ಟಿಯ ಜೊತೆಗೆ ಕಾರವಾರ ಮತ್ತು ಅಂಕೋಲಾ ನಿಲ್ದಾಣಗಳ ಬಸ್ ವೇಳಾಪಟ್ಟಿಯನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ವಾಚನ ಮಂದಿರಕ್ಕೆ ಹೊಂದಿಕೊಂಡು, ಹುಡುಗರಿಗೂ ಹುಡುಗಿಯರಿಗೂ, ಕೊಡೆ ಒಣಗಿಸಲು, ಬುತ್ತಿ ಉಣ್ಣಲು, ಕುಡಿಯುವ ನೀರಿಗೆ ಅನುಕೂಲವಿರುವ ಒಂದು ಕೊಠಡಿ, ಅದರಾಚೆಗೆ ಮಾತಿಲ್ಲದೆ ಒರಗಿ ಕೂರಲು ಇನ್ನೊಂದು ಕೊಠಡಿ, ಎರಡೂ ಕೊನೆಯ ಬಸ್ಸು ಹೊರಡುವವರೆಗೆ ತೆರೆದಿರುವಂತೆ ಏರ್ಪಾಡಾಗಬೇಕು. 1966ರ ಶಿಫಾರಸನ್ನು ಅಂಕೋಲೆಯಂಥ ಊರಿನಲ್ಲಿ ಜಾರಿಗೆ ತರಲು ಬೇಕಾದದ್ದು ಇಷ್ಟೇ.